ಮೂರು ರೂಪಾಯಿಯ ದಾರಿಯಲ್ಲಿ ಅಣ್ಣನ ಜೊತೆ

ಹೊರಟ ರಾತ್ರಿ

ನಮ್ಮಣ್ಣ ಕುಡಿಯುವುದನ್ನು ಬಿಟ್ಟು ಈ ಜೂನ್‌ಗೆ 9 ವರ್ಷ ಆಯಿತು. 17 ವರ್ಷ ಕುಡಿದಿದ್ದ. ಒಂದು ಬೆಳಗ್ಗೆ ಬಿಟ್ಟ. ಅವನು ಪೀಣ್ಯದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು, ಮಾತು ಕಡಿಮೆ. ಏನಾಯಿತು ಅಂತ ಮನೆಯಲ್ಲಿ ಯಾರೂ ಸರಿಯಾಗಿ ಕೇಳಿರಲಿಲ್ಲ. ಕೇಳಿದರೆ ಎಲ್ಲಿ ಮುರಿದುಹೋಗುತ್ತೋ ಅನ್ನುವ ಭಯ ನಮಗೆಲ್ಲ.

ನನಗೆ ಮಾತ್ರ ಆ ಪ್ರಶ್ನೆ ಬಿಡಲಿಲ್ಲ. ಮನುಷ್ಯ ಹಾಗೆ ಒಂದೇ ಸಲಕ್ಕೆ ಬದಲಾಗುತ್ತಾನಾ? ಬದಲಾದರೆ ಅದು ನಿಲ್ಲುವುದು ಹೇಗೆ? ಓದುತ್ತಾ ಹೋದಂತೆ ತಿರುವಣ್ಣಾಮಲೈನ ರಮಣ ಮಹರ್ಷಿಗಳ ಕಥೆ ಹತ್ತಿರವಾಯಿತು. 16 ವರ್ಷದ ಹುಡುಗ, ಅರ್ಧ ಗಂಟೆಯೊಳಗೆ ಬದಲಾದ, ಆಮೇಲೆ 54 ವರ್ಷ ಹಾಗೇ ಇದ್ದ. ಆ ಹುಡುಗ ಮಧುರೈನಿಂದ ತಿರುವಣ್ಣಾಮಲೈಗೆ ಹೋದ ದಾರಿಯಲ್ಲೇ ಒಂದು ಸಲ ಹೋಗಿ ಬರೋಣ ಅಂತ ಅಣ್ಣನನ್ನು ಕೇಳಿದೆ. "ರಜೆ ಇದೆ, ನಡಿ ಪುಟ್ಟಿ" ಅಂದ, ಅಷ್ಟೇ. ಅತ್ತಿಗೆ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟರು. ರಾತ್ರಿ ತೂತುಕುಡಿ ರೈಲು ಹತ್ತಿದೆವು.

ಮೊದಲ ದಿನ: ಮಧುರೈ

ಬೆಳಗ್ಗೆ ಮಧುರೈನಲ್ಲಿ ಇಳಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಇಡ್ಲಿ ತಿಂದು ಸೀದಾ ಮೀನಾಕ್ಷಿ ಗುಡಿಯ ಕಡೆಗೆ ನಡೆದೆವು. ದಕ್ಷಿಣ ಗೋಪುರದ ಹತ್ತಿರ ಚೊಕ್ಕಪ್ಪ ನಾಯಕ್ಕನ್ ಬೀದಿ. ಅಂಗಡಿಗಳ ಸಾಲಿನ ನಡುವೆ ಒಂದು ಹಳೇ ಮನೆ. ಈಗ ರಮಣ ಮಂದಿರ ಅಂತ ಹೆಸರು. ಆಗ ಅದು, ಆಮೇಲೆ ರಮಣ ಮಹರ್ಷಿಯಾದ ವೆಂಕಟರಾಮನ್ ಅನ್ನುವ ಹುಡುಗನ ಚಿಕ್ಕಪ್ಪನ ಮನೆ.

ಮೆಟ್ಟಿಲು ಹತ್ತಿದರೆ ಚಿಕ್ಕ ಕೋಣೆ. ಹೊರಗಿನ ಹಾರ್ನ್ ಸದ್ದು ಒಳಗೂ ಕೇಳುತ್ತದೆ. 1896ರ ಜುಲೈ ತಿಂಗಳಲ್ಲಿ ಆ ಹುಡುಗ ಇಲ್ಲಿ ಒಬ್ಬನೇ ಕೂತಿದ್ದ. ಜ್ವರ ಇಲ್ಲ, ನೋವಿಲ್ಲ. ಇದ್ದಕ್ಕಿದ್ದಂತೆ 'ನಾನು ಸಾಯುತ್ತಿದ್ದೇನೆ' ಅನ್ನುವ ಭಯ ಹಿಡಿಯಿತು. ಡಾಕ್ಟರನ್ನು ಕರೆಯಬೇಕು, ಮನೆಯವರಿಗೆ ಹೇಳಬೇಕು ಅಂತ ಅನ್ನಿಸಲಿಲ್ಲ. ಇದನ್ನು ನಾನೇ ಬಗೆಹರಿಸಿಕೊಳ್ಳಬೇಕು ಅಂತ ನೆಲದ ಮೇಲೆ ಹೆಣದ ಹಾಗೆ ಮಲಗಿದ. ಕೈಕಾಲು ಸೆಟೆದುಕೊಂಡ, ತುಟಿ ಬಿಗಿದ, ಉಸಿರು ಹಿಡಿದ. ಸರಿ, ಈ ದೇಹ ಸತ್ತಿತು. ಸುಡುಗಾಡಿಗೆ ಒಯ್ದು ಸುಟ್ಟು ಬೂದಿ ಮಾಡುತ್ತಾರೆ. ಹಾಗಾದರೆ ನಾನೂ ಸತ್ತೆನಾ? ದೇಹವೇ ನಾನಾ? ಹೀಗೆ ಒಳಗೆ ನೋಡಿಕೊಂಡ. ದೇಹಕ್ಕೆ ಸೇರದ ಒಂದು 'ನಾನು' ಅಲ್ಲಿ ಎಚ್ಚರವಾಗಿದೆ ಅಂತ ಕಂಡಿತು. ಯೋಚಿಸಿ ತಿಳಿದದ್ದಲ್ಲ, ನೇರವಾಗಿ ಕಂಡದ್ದು ಅಂತ ಆಮೇಲೆ ಅವರೇ ಹೇಳಿದ್ದಾರೆ. ಸಾವಿನ ಭಯ ಹೋಯಿತು. ಮತ್ತೆ ಬರಲೇ ಇಲ್ಲ.

ನಾವಿಬ್ಬರೂ ಗೋಡೆಗೆ ಒರಗಿ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಅಣ್ಣ ಮೆಲ್ಲಗೆ ಕೇಳಿದ, "ಅಪ್ಪ ಇರಲಿಲ್ವಾ ಇವನಿಗೆ?"

ಇರಲಿಲ್ಲ. ಊರು ತಿರುಚ್ಚುಳಿ. ಹುಡುಗನಿಗೆ 12 ವರ್ಷ ಇದ್ದಾಗ, 1892ರಲ್ಲಿ ತಂದೆ ತೀರಿಕೊಂಡರು. ಮನೆ ಎರಡಾಯಿತು. ಅಮ್ಮ ಒಂದು ಕಡೆ, ವೆಂಕಟರಾಮನ್ ಮತ್ತು ಅವನ ಅಣ್ಣ ನಾಗಸ್ವಾಮಿ ಮಧುರೈನ ಚಿಕ್ಕಪ್ಪನ ಮನೆಯಲ್ಲಿ. 1895ರ ನವೆಂಬರಿನಲ್ಲಿ ಊರಿನ ಕಡೆಯ ಹಿರಿಯರೊಬ್ಬರು ಸಿಕ್ಕರು. ಎಲ್ಲಿಂದ ಬಂದಿರಿ ಅಂದರೆ "ಅರುಣಾಚಲದಿಂದ" ಅಂದರು. ಆ ಹೆಸರು ಕೇಳಿದ್ದೇ ಹುಡುಗನ ಮೈ ಜುಮ್ಮೆಂದಿತು. ಅದೇ ತಿರುವಣ್ಣಾಮಲೈ ಅಂತ ಆಗಲೇ ಗೊತ್ತಾದದ್ದು. ಆಮೇಲೆ ಮನೆಯಲ್ಲಿ 63 ಶಿವಭಕ್ತರ ಚರಿತ್ರೆ ಹೇಳುವ ಪೆರಿಯ ಪುರಾಣ ಕೈಗೆ ಸಿಕ್ಕಿತು. ಶಾಲೆಯ ಪಾಠ ಬಿಟ್ಟರೆ ಅವನು ಓದಿದ ಮೊದಲ ಧರ್ಮಗ್ರಂಥ ಅದೇ.

ಅಪ್ಪನ ಸಾವು, ಒಂದು ಹೆಸರು, ಒಂದು ಪುಸ್ತಕ. ಯಾವುದೂ ಆ ಜುಲೈ ದಿನಕ್ಕೆ ಕಾರಣ ಅಂತ ಕಡ್ಡಿ ಮುರಿದಂತೆ ಹೇಳಲಾಗದು. ಆದರೆ ನೆಲ ಹದವಾಗಿತ್ತು ಅಂತ ನನಗೆ ಅನ್ನಿಸುತ್ತದೆ. ನಮ್ಮ ಹಿರಿಯರು ಇದನ್ನೇ ಸಂಸ್ಕಾರ ಅಂದರು, ಪಕ್ವವಾಗುವುದು ಅಂದರು.

ಸಂಜೆ ಮೀನಾಕ್ಷಿ ಗುಡಿಯಲ್ಲಿ 63 ನಾಯನ್ಮಾರರ ಮೂರ್ತಿಗಳ ಮುಂದೆ ನಿಂತೆವು. ಆ ಘಟನೆಯ ನಂತರ ಹುಡುಗ ಸಂಜೆ ಹೊತ್ತು ಇಲ್ಲಿಗೆ ಬಂದು ಸುಮ್ನೆ ನಿಲ್ಲುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತಂತೆ. ಫುಟ್‌ಬಾಲ್ ಆಡುತ್ತಿದ್ದವನು, ಕುಸ್ತಿ ಹಿಡಿಯುತ್ತಿದ್ದವನು. ಈಗ ಯಾರಾದರೂ ರೇಗಿಸಿದರೂ ಜಗಳಕ್ಕೆ ಹೋಗುತ್ತಿರಲಿಲ್ಲ. ತಟ್ಟೆಗೆ ಏನು ಬಿದ್ದರೂ ಉಣ್ಣುತ್ತಿದ್ದ. ಮನೆಯವರ ಕಣ್ಣಿಗೆ ಬಿದ್ದದ್ದು ಇಷ್ಟೇ.

ಎರಡನೇ ದಿನ: ಮಧುರೈನಿಂದ ವಿಲ್ಲುಪುರಂ

ಇವತ್ತಿಡೀ ರೈಲು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಆ ಹುಡುಗ ಮನೆ ಬಿಡುವಾಗ ಬರೆದಿಟ್ಟ ಕಾಗದದ ವಿಷಯ ಅಣ್ಣನಿಗೆ ಹೇಳಿದೆ.

1896ರ ಆಗಸ್ಟ್ 29. ಶಾಲೆಯಲ್ಲಿ ಶಿಕ್ಷೆಯಾಗಿ ಕೊಟ್ಟ ಇಂಗ್ಲಿಷ್ ವ್ಯಾಕರಣ ಪಾಠವನ್ನು ಹುಡುಗ ಮೂರು ಸಲ ನಕಲು ಮಾಡಬೇಕಿತ್ತು. ಎರಡು ಸಲ ಬರೆದು, ಬೇಸರವಾಗಿ, ಪುಸ್ತಕ ಬದಿಗಿಟ್ಟು ಕಣ್ಣು ಮುಚ್ಚಿ ಕೂತ. ನೋಡುತ್ತಿದ್ದ ಅವನ ಅಣ್ಣ ನಾಗಸ್ವಾಮಿ, ಇಂಥವನಿಗೆ ಇದೆಲ್ಲ ಯಾಕೆ ಅಂದ. ಓದುವ ಹುಡುಗನ ಹಾಗೆ ಇಲ್ಲಿರುವುದು, ಸಾಧುವಿನ ಹಾಗೆ ಕೂರುವುದು, ಎರಡೂ ಯಾಕೆ ಅನ್ನುವ ಅರ್ಥ. ಹುಡುಗನಿಗೆ ಅದು ನಿಜ ಅನ್ನಿಸಿತು. ಸ್ಪೆಷಲ್ ಕ್ಲಾಸ್ ಇದೆ ಅಂತ ಎದ್ದ. ಹಾಗಾದರೆ ಪೆಟ್ಟಿಗೆಯಿಂದ ಐದು ರೂಪಾಯಿ ತಗೊಂಡು ನನ್ನ ಕಾಲೇಜು ಫೀಸ್ ಕಟ್ಟಿ ಬಾ ಅಂದ ನಾಗಸ್ವಾಮಿ. ಹುಡುಗ ಹಳೇ ಅಟ್ಲಾಸ್ ನೋಡಿ ಲೆಕ್ಕ ಹಾಕಿದ. ಮೂರು ರೂಪಾಯಿ ಸಾಕು. ಉಳಿದ ಎರಡು ರೂಪಾಯಿ ಜೊತೆಗೆ ಚೀಟಿ ಬರೆದಿಟ್ಟು ಹೊರಟ.

ಚೀಟಿ 'ನಾನು' ಅಂತ ಶುರುವಾಗುತ್ತದೆ. ನಾನು ನನ್ನ ತಂದೆಯನ್ನು ಹುಡುಕಿಕೊಂಡು, ಅವನ ಅಪ್ಪಣೆಯಂತೆ ಹೊರಟಿದ್ದೇನೆ ಅಂತ. ಮುಂದಿನ ಸಾಲಿಗೆ ಬರುವಷ್ಟರಲ್ಲಿ 'ನಾನು' ಹೋಗಿ 'ಇದು' ಬಂದಿದೆ. ಇದು ಒಳ್ಳೆಯ ಕೆಲಸಕ್ಕೇ ಹೊರಟಿದೆ, ಯಾರೂ ದುಃಖಪಡಬೇಡಿ, ಹುಡುಕಲು ದುಡ್ಡು ಖರ್ಚು ಮಾಡಬೇಡಿ ಅಂತ. ಕೊನೆಯಲ್ಲಿ ಸಹಿ ಇಲ್ಲ, ಬರೀ ಗೆರೆ. ಅದರ ಕೆಳಗೆ, ನಿನ್ನ ಫೀಸ್ ಕಟ್ಟಿಲ್ಲ, ಇದರ ಜೊತೆ ಎರಡು ರೂಪಾಯಿ ಇದೆ ಅಂತ ಲೆಕ್ಕ. ಇಷ್ಟು ಚಿಕ್ಕ ಚೀಟಿಯಲ್ಲಿ 'ನಾನು' ಕರಗಿಹೋಗಿದ್ದು ನೋಡಿದಾಗಲೆಲ್ಲ ನನಗೆ ರೋಮಾಂಚನ. ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಆ ಎರಡು ರೂಪಾಯಿಯ ಲೆಕ್ಕ.

ಅಣ್ಣ ತುಂಬಾ ಹೊತ್ತು ಕಿಟಕಿ ಆಚೆ ನೋಡಿದ. ದಿಂಡಿಗಲ್ ದಾಟಿತು. ಆಮೇಲೆ ತಾನಾಗೇ ಬಾಯಿ ಬಿಟ್ಟ.

"ನನಗೂ ಹಂಗೇ ಪುಟ್ಟಿ. ಒಂದು ಮಾತು. ಹಾಲು ಹಾಕೋ ಹುಡುಗ."

ಆ ದಿನ ಬೆಳಗಿನ ಜಾವ ಅವನು ಮನೆಯ ಹೊಸಿಲ ಹತ್ತಿರ ಬಿದ್ದಿದ್ದ. ಬಾಗಿಲು ತಟ್ಟುವಷ್ಟೂ ಶಕ್ತಿ ಇರಲಿಲ್ಲ. ಎಚ್ಚರ ಮಾತ್ರ ಇತ್ತು. ಹಾಲಿನ ಹುಡುಗ ಬಂದ. ಪ್ಯಾಕೆಟ್ ಇಡಬೇಕಾದರೆ ಇವನನ್ನು ದಾಟಬೇಕು. "ಸಾರಿ ಅಂಕಲ್" ಅಂತ ಹೇಳಿ, ದಾಟಿ, ಪ್ಯಾಕೆಟ್ ಇಟ್ಟು, ಮತ್ತೆ ದಾಟಿಕೊಂಡು ಹೋದ.

"ಬೈದಿದ್ರೆ ಏನೂ ಆಗ್ತಿರ್ಲಿಲ್ಲ. ಬೈಸ್ಕೊಂಡು ಅಭ್ಯಾಸ ಇತ್ತು. ಅವನು ಸಾರಿ ಅಂದ. ಆ ಪ್ಯಾಕೆಟ್ ಮೇಲೆ ನೀರಿನ ಹನಿ ಇತ್ತು, ಅದನ್ನೇ ನೋಡ್ತಾ ಮಲಗಿದ್ದೆ. ಮುಗೀತು ಅಂತ ಗೊತ್ತಾಯ್ತು. ಬಿಡಬೇಕು ಅಂತಲ್ಲ, ಮುಗೀತು ಅಂತ."

ಮುಗಿದಿದ್ದು ಮನಸ್ಸಿಗೆ. ಮೂರನೇ ದಿನ ಅವನ ಕೈ ನಡುಗಲು ಶುರುವಾಯಿತು, ಗೋಡೆಯ ಮೇಲೆ ಇಲ್ಲದ ಇರುವೆ ಕಾಣತೊಡಗಿತು. ಆಸ್ಪತ್ರೆಗೆ ಸೇರಿಸಿದೆವು. ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೇ ಸಂಚಕಾರ ಬರಬಹುದು, ಡಾಕ್ಟರ ಕಣ್ಣಳತೆಯಲ್ಲೇ ಬಿಡಿಸಬೇಕು ಅಂತ ಅಲ್ಲೇ ಗೊತ್ತಾದದ್ದು. ಇದನ್ನು ಓದುವವರ ಮನೆಯಲ್ಲಿ ಅಂಥವರಿದ್ದರೆ ಇದೊಂದು ಮಾತು ನೆನಪಿರಲಿ.

ತಿರುಚಿ ಬಂತು. ಆ ಹುಡುಗ ಇಲ್ಲಿ ಅರ್ಧಾಣೆಗೆ ಮರಸೇಬು ಕೊಂಡಿದ್ದ. ಒಂದು ತುತ್ತಿಗೇ ಹೊಟ್ಟೆ ತುಂಬಿದಂತಾಯಿತಂತೆ. ಅವನ ಟಿಕೆಟ್ ಇದ್ದದ್ದು ತಿಂಡಿವನಂಗೆ, ಎರಡು ರೂಪಾಯಿ ಹದಿಮೂರಾಣೆ. ರೈಲಿನಲ್ಲಿ ಒಬ್ಬ ಮೌಲ್ವಿ, ವಿಲ್ಲುಪುರಂನಲ್ಲೇ ಇಳಿ, ಅಲ್ಲಿಂದ ಹೊಸ ರೈಲುದಾರಿ ಇದೆ ಅಂತ ಹೇಳಿದರು.

ಒಂದು ಶತಮಾನದ ಹಿಂದೆಯೇ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್, ಮನುಷ್ಯ ಒಂದೇ ಸಲಕ್ಕೆ ಬದಲಾಗುವ ಈ ವಿಷಯವನ್ನು ಕೆದಕಿದ್ದರು. 1901–02ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಅವರು ಹೇಳಿದ್ದನ್ನು ನನ್ನ ಮಾತಲ್ಲಿ ಹೇಳುವುದಾದರೆ ಇಷ್ಟು: ದಿಢೀರ್ ಅಂತ ಕಾಣುವ ಬದಲಾವಣೆ ಮನಸ್ಸಿನ ಹಿತ್ತಲಲ್ಲಿ ಎಷ್ಟೋ ದಿನದಿಂದ ಬೆಳೆಯುತ್ತಿರುತ್ತದೆ, ಅಂಗಳಕ್ಕೆ ಬಂದ ದಿನ ನಮಗೆ ಕಾಣುತ್ತದೆ. ಅದು ದಿಢೀರ್ ಬಂತಾ ನಿಧಾನ ಬಂತಾ ಅನ್ನುವುದು ಮುಖ್ಯವಲ್ಲ, ಬಾಳಿನಲ್ಲಿ ಏನು ಫಲ ಬಿಟ್ಟಿತು ಅಂತ ನೋಡಬೇಕು. ಅದೆಷ್ಟೋ ದಶಕಗಳ ನಂತರ ವಿಲಿಯಂ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು, ಕುಡಿತದ ಚಟದ ಬಗ್ಗೆಯೇ ಬಹಳ ಕೆಲಸ ಮಾಡಿದವರು, ಸಹೋದ್ಯೋಗಿಯೊಬ್ಬರ ಜೊತೆ ಸೇರಿ, ಹೀಗೆ ಒಂದೇ ಸಲಕ್ಕೆ ಬದಲಾದ 55 ಜನರನ್ನು ಕೂರಿಸಿ ಕಥೆ ಕೇಳಿದರು. ಹತ್ತು ವರ್ಷದ ನಂತರ ಅವರಲ್ಲಿ ಹಲವರನ್ನು ಮತ್ತೆ ಮಾತಾಡಿಸಿದಾಗಲೂ ಬದಲಾವಣೆ ನಿಂತೇ ಇತ್ತು.

ಇದನ್ನು ಅಣ್ಣನಿಗೆ ಹೇಳಿದೆ. ಅವನು ಚಪಾತಿ ಸುರುಳಿ ಮಾಡುತ್ತಾ ಅಂದ, "ಹೌದು ಮತ್ತೆ. ಒಂದೇ ದಿನಕ್ಕೆ ಬಿಟ್ಟ ಅಂತ ನೀವೆಲ್ಲ ಅಂತೀರ. ನಾನು ಆರು ವರ್ಷದಿಂದ ಬಿಡ್ತಾನೇ ಇದ್ದೆ. ದಿನಾ ಬೆಳಗ್ಗೆ ಬಿಡ್ತಿದ್ದೆ, ಸಂಜೆ ಸೋಲ್ತಿದ್ದೆ. ಯಾರಿಗೂ ಲೆಕ್ಕಕ್ಕೆ ಸಿಗಲ್ಲ ಅದು."

ಆ ಆರು ವರ್ಷ ನನ್ನ ಲೆಕ್ಕಕ್ಕೂ ಸಿಕ್ಕಿರಲಿಲ್ಲ. ಅವನ ಮುಖ ನೋಡಲು ಆಗಲಿಲ್ಲ ನನಗೆ.

ಮೂರನೇ ದಿನ: ತಿರುಕೋಯಿಲೂರು

ವಿಲ್ಲುಪುರಂನಿಂದ ತಿರುವಣ್ಣಾಮಲೈ ಕಡೆಗೆ ಹೋಗುವ ಪ್ಯಾಸೆಂಜರ್ ರೈಲುಗಳು ಕಡಿಮೆ. ಬೆಳಗ್ಗೆ ಒಂದು ಸಿಕ್ಕಿತು. ಆ ಹುಡುಗನ ಜೇಬಿನಲ್ಲಿ ಇಲ್ಲಿ ಎರಡೂವರೆ ಆಣೆ ಉಳಿದಿತ್ತು. ಹೋಟೆಲಿನಲ್ಲಿ ಊಟ ಮಾಡಿ ಎರಡಾಣೆ ಕೊಡಲು ಹೋದರೆ, ಕಿವಿಯಲ್ಲಿ ಚಿನ್ನದ ಒಂಟಿ, ಕೈಯಲ್ಲಿ ಪುಡಿಗಾಸು ಇದ್ದ ಹುಡುಗನನ್ನು ಕಂಡು ಹೋಟೆಲಿನವರು ದುಡ್ಡೇ ತಗೊಳ್ಳಲಿಲ್ಲ. ಆ ದುಡ್ಡಿಗೆ ಮಾಂಬಳಪಟ್ಟು ತನಕ ಟಿಕೆಟ್ ಬಂತು. ಅಲ್ಲಿಂದ ಹತ್ತು ಮೈಲಿ ನಡಿಗೆ.

ನಾವು ನಡೆಯಲಿಲ್ಲ. ಅಣ್ಣನ ಮಂಡಿ ನೋವು. ತಿರುಕೋಯಿಲೂರು ಸ್ಟೇಷನ್ನಿನಲ್ಲಿ ಇಳಿದು ಅರೈಯಣಿನಲ್ಲೂರಿನ ಗುಡಿಗೆ ಹೋದೆವು. ಬಂಡೆಯ ಮೇಲೆ ಗುಡಿ, ಕೆಳಗೆ ಅಗಲವಾದ ಹೊಳೆ. ಹೊಳೆ ಅನ್ನುವುದಕ್ಕಿಂತ ಮರಳು ಜಾಸ್ತಿ, ನೀರು ಅಲ್ಲಲ್ಲಿ.

"ಇದು ಯಾವ ಹೊಳೆ?" ಅಂದ ಅಣ್ಣ.

ತೆನ್‌ಪೆಣ್ಣೈ. ನಮ್ಮ ದಕ್ಷಿಣ ಪಿನಾಕಿನಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆ ಕಡೆಯಿಂದ ಹರಿದು, ಹೊಸೂರು ದಾಟಿ ಇಲ್ಲಿಗೆ ಬರುತ್ತದೆ. ಬೆಂಗಳೂರಿನ ಕೊಳಚೆಯನ್ನೂ ಹೊತ್ತುಕೊಂಡೇ ಬರುತ್ತದೆ. ಅಣ್ಣ ಮೆಟ್ಟಿಲಿಳಿದು ಹೋಗಿ ನಿಂತು ನೋಡಿದ. "ಇಷ್ಟು ದೂರ ಬಂದು ಸ್ವಲ್ಪ ತಿಳಿಯಾಗಿದೆ" ಅಂದ.

ಈ ಗುಡಿಯ ಕಂಬಸಾಲೆಯಲ್ಲಿ ಕೂತಾಗ ಹುಡುಗನಿಗೆ ಸುತ್ತಲೂ ಬೆಳಕು ತುಂಬಿದಂತೆ ಕಂಡಿತು. ಪೂಜಾರಿಗಳು ಗುಡಿ ಮುಚ್ಚಬೇಕು ಅಂತ ಎಬ್ಬಿಸಿದರು. ಹಸಿವು ತಡೆಯದೆ ಹೊಳೆಯಾಚೆ ಕೀಳೂರಿನ ವೀರಟ್ಟೇಶ್ವರ ಗುಡಿಗೆ ಅವರ ಹಿಂದೆಯೇ ಹೋದ. ಅಲ್ಲಿಯೂ ಅನ್ನ ಇಲ್ಲ ಅಂದರು. ಆಗ ಗುಡಿಯ ವಾದ್ಯದವನು ತನ್ನ ಪಾಲಿನ ಪ್ರಸಾದವನ್ನು ಕೊಡಿಸಿದ. ನೀರು ಹುಡುಕಿಕೊಂಡು ಹೋದವನು ದಾರಿಯಲ್ಲಿ ಎಚ್ಚರ ತಪ್ಪಿ ಬಿದ್ದ. ಎದ್ದಾಗ ಅನ್ನ ನೆಲದ ಮೇಲೆ ಚೆಲ್ಲಿತ್ತು. ಅದನ್ನೇ ಆಯ್ದು ತಿಂದ.

ಮರುದಿನ ಆಗಸ್ಟ್ 31, ಗೋಕುಲಾಷ್ಟಮಿ. ಮುತ್ತುಕೃಷ್ಣ ಭಾಗವತರ ಮನೆಯಲ್ಲಿ ಹೊಟ್ಟೆ ತುಂಬಾ ಬಡಿಸಿದರು. ಹುಡುಗ ಕಿವಿಯ ಒಂಟಿ ಬಿಚ್ಚಿ ಒತ್ತೆ ಇಟ್ಟ. 20 ರೂಪಾಯಿ ಬೆಲೆಯದ್ದು, ತಗೊಂಡದ್ದು ನಾಲ್ಕೇ ರೂಪಾಯಿ. ಭಾಗವತರು ವಿಳಾಸ ಬರೆದು ಚೀಟಿ ಕೊಟ್ಟರು. ಬೀದಿಗೆ ಬಂದ ಹುಡುಗ ಆ ಚೀಟಿಯನ್ನು ಹರಿದು ಎಸೆದ. ಬಿಡಿಸಿಕೊಳ್ಳಲು ಮತ್ತೆ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ನಮಗೆ ಇಲ್ಲಿ ಪುರಂದರದಾಸರ ಮೂಗುತಿ ನೆನಪಾಗದೆ ಇರುತ್ತಾ? ಹೆಂಡತಿ ದಾನ ಕೊಟ್ಟ ಮೂಗುತಿ ತನ್ನ ಅಂಗಡಿಗೇ ಬಂದಾಗ ಜಿಪುಣ ಸಾಹುಕಾರನ ಕಣ್ಣು ತೆರೆಯಿತು ಅಂತ ಅಜ್ಜಿ ಹೇಳುತ್ತಿದ್ದರು. ಅಲ್ಲೂ ಒಂದು ಚೂರು ಚಿನ್ನ, ಇಲ್ಲೂ ಒಂದು ಚೂರು ಚಿನ್ನ. ನಮ್ಮ ಮನೆಯಲ್ಲಿ ಒಂದು ಹಾಲಿನ ಪ್ಯಾಕೆಟ್.

ನಾಲ್ಕನೇ ದಿನ: ತಿರುವಣ್ಣಾಮಲೈ

ಊರು ಬರುವ ಮೊದಲೇ ಬೆಟ್ಟ ಕಾಣುತ್ತದೆ. 1896ರ ಸೆಪ್ಟೆಂಬರ್ 1ರ ಬೆಳಗ್ಗೆ ಹುಡುಗ ಇಳಿದು ಸೀದಾ ಗರ್ಭಗುಡಿಗೆ ಹೋಗಿ, ಅಪ್ಪ, ಬಂದಿದ್ದೇನೆ ಅಂತ ಒಪ್ಪಿಸಿಕೊಂಡ. ಹೊರಗೆ ಬಂದು ತಲೆ ಬೋಳಿಸಿಕೊಂಡ. ಅಯ್ಯಂಕುಳಂ ಕೆರೆಯ ಹತ್ತಿರ ಉಳಿದ ದುಡ್ಡು, ಭಾಗವತರ ಮನೆಯವರು ಕಟ್ಟಿಕೊಟ್ಟ ತಿಂಡಿ, ಜನಿವಾರ, ಎಲ್ಲವನ್ನೂ ಎಸೆದ.

ಇದೇ ಗುಡಿಯಲ್ಲಿ ನಮ್ಮ ಹೊಯ್ಸಳರ ಮೂರನೇ ಬಲ್ಲಾಳನ ಹೆಸರಿನ ಗೋಪುರವೂ ಇದೆ. ಕೊನೆಯ ವರ್ಷಗಳಲ್ಲಿ ಅವನು ಈ ಊರಿನಿಂದಲೇ ಆಳಿದ. ಮಕ್ಕಳಿಲ್ಲದ ಆ ರಾಜನಿಗೆ ಅರುಣಾಚಲೇಶ್ವರನೇ ಮಗನಾದ, ಈಗಲೂ ವರ್ಷಕ್ಕೊಮ್ಮೆ ದೇವರ ಹೆಸರಿನಲ್ಲಿ ಅವನಿಗೆ ತಿಥಿ ನಡೆಯುತ್ತದೆ ಅಂತ ಇಲ್ಲಿ ಹೇಳುತ್ತಾರೆ. ಒಬ್ಬನಿಗೆ ಮಗನಾದ ದೇವರು, ಇನ್ನೊಬ್ಬನಿಗೆ ಅಪ್ಪನಾದ.

ಸಾವಿರ ಕಂಬದ ಮಂಟಪ ಕೃಷ್ಣದೇವರಾಯನ ಕಾಲದ್ದು. ಅದರ ಒಳಗೆ ಕೆಳಕ್ಕೆ ಇಳಿದರೆ ಪಾತಾಳ ಲಿಂಗ. ಈಗ ದೀಪ ಇದೆ, ಚೊಕ್ಕವಾಗಿದೆ. ಆಗ ಕತ್ತಲು, ತೇವ, ಹುಳ. ಹುಡುಗರು ಕಲ್ಲು ಹೊಡೆಯುತ್ತಾರೆ ಅಂತ ಇವನು ಒಳಗೆ ಹೋಗಿ ಕೂತ. ಎಷ್ಟು ಮೈಮರೆತಿದ್ದನೆಂದರೆ, ತೊಡೆಯನ್ನು ಹುಳಗಳು ತಿಂದು ಗಾಯವಾಗಿ ಕೀವು ಸೋರುತ್ತಿದ್ದರೂ ಗೊತ್ತಾಗಲಿಲ್ಲ. ಆ ಊರಲ್ಲೇ ಇದ್ದ ಸಾಧು ಶೇಷಾದ್ರಿ ಸ್ವಾಮಿಗಳು ಆ ಹುಡುಗನ ಮೇಲೆ ಕಣ್ಣಿಟ್ಟಿದ್ದರು. ಕೊನೆಗೆ ನಾಲ್ಕು ಜನ ಸೇರಿ ಎತ್ತಿ ಹೊರಗೆ ತಂದರು.

ಆ ತಗ್ಗಿನ ಮುಂದೆ ನಿಂತಾಗ ನನಗೆ ಆಸ್ಪತ್ರೆಯ ಆ ವಾರ ನೆನಪಾಯಿತು. ಬದಲಾದವನನ್ನೂ ಯಾರಾದರೂ ಹೊತ್ತು ತರಬೇಕಾಗುತ್ತದೆ. ಅನ್ನ ತಂದು ಬಾಯಿಗಿಟ್ಟವರು, ಕಲ್ಲು ಬೀಳದಂತೆ ನೋಡಿಕೊಂಡವರು ಇದ್ದದ್ದಕ್ಕೇ ಆ ದೇಹ ಉಳಿಯಿತು. ಅವರಲ್ಲಿ ಎಷ್ಟೋ ಜನರ ಹೆಸರು ನಮಗೆ ಗೊತ್ತಿಲ್ಲ.

ಐದನೇ ದಿನ: ಬೆಟ್ಟ

ಬೆಳಗ್ಗೆ ಬೇಗ ಎದ್ದು ಆಶ್ರಮದ ಹಿಂದಿನಿಂದ ಕಲ್ಲುಹಾಸಿನ ದಾರಿ ಹತ್ತಿದೆವು. ಅಣ್ಣ ಅಲ್ಲಲ್ಲಿ ಕೂತು, ಎದ್ದು ಬಂದ. ಸ್ಕಂದಾಶ್ರಮದಲ್ಲಿ ಮರದ ನೆರಳು, ತಣ್ಣನೆಯ ನೀರು. ಕೆಳಗೆ ಒಂಬತ್ತು ಗೋಪುರಗಳೂ ಕಾಣುತ್ತವೆ. ಅಲ್ಲಿಂದ ಇಳಿದು ವಿರೂಪಾಕ್ಷ ಗುಹೆ. 1899ರಿಂದ 1916ರವರೆಗೆ ಮಹರ್ಷಿಗಳು ಇದ್ದದ್ದು ಇಲ್ಲಿ. ಒಳಗೆ ಕೂತರೆ ಬಿಸಿ, ಬೆವರು, ಆದರೆ ಏಳುವ ಮನಸ್ಸಾಗುವುದಿಲ್ಲ. ನಮ್ಮ ಗೋಕರ್ಣದ ವೇದ ವಿದ್ವಾಂಸ ದೈವರಾತರೂ 1917ರ ಸುಮಾರಿಗೆ ಈ ಬೆಟ್ಟಕ್ಕೆ ಬಂದು ಮಹರ್ಷಿಗಳನ್ನು ಪ್ರಶ್ನೆ ಕೇಳಿದವರು.

ನನಗೆ ಕಷ್ಟವಾಗುವುದು ತಾಯಿಯ ವಿಷಯ. ಅಳಗಮ್ಮಾಳ್ ಎರಡು ವರ್ಷ ಮಗನಿಗಾಗಿ ಹುಡುಕಿಸಿದರು. 1898ರ ಡಿಸೆಂಬರಿನಲ್ಲಿ ಬಂದು ನೋಡಿದರೆ ಜಡೆಗಟ್ಟಿದ ಕೂದಲು, ಕೌಪೀನ. ದಿನಾ ಬಂದು ಅತ್ತರು, ಬೇಡಿದರು. ಮಗ ಮಾತಾಡಲಿಲ್ಲ. ಕೊನೆಗೆ ಒಂದು ಕಾಗದದ ಮೇಲೆ, ಆಗಬೇಕಾದದ್ದು ಆಗಿಯೇ ತೀರುತ್ತದೆ, ಸುಮ್ಮನಿರುವುದೇ ಒಳ್ಳೆಯದು ಅನ್ನುವ ಅರ್ಥದ ಸಾಲು ಬರೆದುಕೊಟ್ಟ. ಆ ತಾಯಿ ವಾಪಸ್ ಹೋದರು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಭಕ್ತಿಯಿಂದ ಬಂದವಳು ನಾನು, ಆದರೂ ಬರುತ್ತದೆ.

ಆಮೇಲೆ 1916ರಲ್ಲಿ ತಾಯಿ ಮಗನ ಹತ್ತಿರವೇ ಬಂದು ನೆಲೆಸಿದರು. ಅಡುಗೆ ಶುರುವಾಯಿತು. 1922ರ ಮೇ 19ರಂದು, ತಾಯಿಯ ಕೊನೆಯ ದಿನ, ಮಗ ಬೆಳಗ್ಗೆಯಿಂದ ರಾತ್ರಿಯವರೆಗೆ ಪಕ್ಕದಲ್ಲೇ ಕೂತಿದ್ದರು. ಒಂದು ಕೈ ಎದೆಯ ಮೇಲೆ, ಒಂದು ಕೈ ತಲೆಯ ಮೇಲೆ. ಉಸಿರು ನಿಂತ ಮೇಲೂ ಕೈ ತೆಗೆಯಲಿಲ್ಲ. ತಾಯಿಯ ಸಮಾಧಿಯ ಸುತ್ತಲೇ ಇವತ್ತಿನ ಆಶ್ರಮ ಬೆಳೆದದ್ದು. ಆಶ್ರಮದಲ್ಲಿ ಮಹರ್ಷಿಗಳು ಬೆಳಗಿನ ಜಾವವೇ ಎದ್ದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು, ಚಟ್ನಿ ರುಬ್ಬುತ್ತಿದ್ದರು.

ಗುಹೆಯ ಹೊರಗಿನ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಹೇಳಿದಾಗ ಅಣ್ಣ ಅತ್ತಿಗೆಯ ವಿಷಯ ತೆಗೆದ.

"ನಾನು ಬಿಟ್ಟಿದ್ದು ಒಂದು ದಿನದಲ್ಲಿ. ಅವಳು ನಂಬೋದಕ್ಕೆ ಎರಡು ವರ್ಷ ಆಯ್ತು. ಬಾಗಿಲು ತಟ್ಟಿದ್ರೆ ಒಳಗಿಂದ 'ಯಾರು' ಅಂತ ಕೇಳೋಳು. ನಾನು ಅಂತ ಗೊತ್ತು. ನನ್ನ ಧ್ವನಿ ಹೆಂಗಿದೆ ಅಂತ ಕೇಳಿಸ್ಕೊಳ್ಳೋದಕ್ಕೆ. ಧ್ವನಿ ಸರಿ ಇದ್ರೆ ಚಿಲಕ ತೆಗೀತಿದ್ಳು."

"ಬೇಜಾರಾಗ್ತಿರ್ಲಿಲ್ವಾ ಅಣ್ಣ?"

"ಬೇಜಾರು ಯಾಕೆ? ಅವಳ ಸಾಲ ಅದು. ದಿನಾ ಒಂದೊಂದು 'ನಾನೇ ಕಣೇ' ಅಂತ ತೀರಿಸ್ದೆ."

ಮಂಗಗಳು ನಮ್ಮ ಚೀಲದ ಕಡೆ ನೋಡತೊಡಗಿದವು. ಇಳಿದೆವು.

ಬೆಂಗಳೂರು

ರಾತ್ರಿ ಬಸ್ಸು ಬೆಳಗಿನ ಜಾವ ನಾಲ್ಕೂವರೆಗೆ ಮೆಜೆಸ್ಟಿಕ್ ತಲುಪಿತು. ಆಟೋ ಹಿಡಿದು ಮನೆಯ ತಿರುವಿನ ತನಕ ಬಂದೆವು. "ಇಲ್ಲೇ ನಿಲ್ಸಪ್ಪ" ಅಂದ ಅಣ್ಣ. ನಂದಿನಿ ಬೂತ್ ಆಗಷ್ಟೇ ತೆರೆದಿತ್ತು, ಕ್ರೇಟ್‌ಗಳನ್ನು ಇಳಿಸುತ್ತಿದ್ದರು. 9 ವರ್ಷದಿಂದ ಅವರ ಮನೆಗೆ ಹಾಲು ಹಾಕುವ ಹುಡುಗ ಬರುವುದಿಲ್ಲ. ಅಣ್ಣನೇ ದಿನಾ ಐದು ಗಂಟೆಗೆ ಇಲ್ಲಿಗೆ ಬಂದು ತರುತ್ತಾನೆ. ಹಾಗಂತ ನನಗೆ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ.

ಬೂತಿನವರು "ಎಲ್ಲೋಗಿದ್ರಿ ಸಾರ್, ಐದು ದಿನ ಕಾಣ್ಲಿಲ್ಲ?" ಅಂದರು. "ತಂಗಿ ಜೊತೆ ಊರಿಗೆ" ಅಂದ. ಎರಡು ಪ್ಯಾಕೆಟ್ ತಗೊಂಡ. ಒಂದನ್ನು ನನ್ನ ಕೈಗೆ ಕೊಟ್ಟ. ತಣ್ಣಗಿತ್ತು, ಮೇಲೆಲ್ಲ ನೀರಿನ ಹನಿ.